ಹೂವಪ್ಪನ ರಿವರ್ಸ್ ಹರಕೆ

ಕಲ್ಲುಸಂಕದ ಹೂವಪ್ಪನ ಪಿಕಪ್ ಗಾಡಿಗೆ ಎರಡು ಬ್ರೇಕ್ ಇದ್ದವು. ಒಂದು ಕಾಲಡಿಯದು, ಇನ್ನೊಂದು ಕಲ್ಲು.

ಕಾಲಡಿಯದರ ಬಗ್ಗೆ ಹೊಗಳುವಂಥದ್ದೇನೂ ಇಲ್ಲ. ಮುಂದಿನ ಚಕ್ರಗಳು ಹೇಗೋ ಹಿಡಿಯುತ್ತಿದ್ದವು, ಹಿಂದಿನ ಚಕ್ರಗಳು ತಮಗೂ ಬ್ರೇಕಿಗೂ ಸಂಬಂಧವೇ ಇಲ್ಲವೆಂಬಂತೆ ಉರುಳುತ್ತಿದ್ದವು. ಕಲ್ಲು ಮಾತ್ರ ನಂಬಿಕಸ್ಥ. ಒಂದು ಬದಿ ಚಪ್ಪಟೆಯಾದ, ಎರಡು ಕೈಯಲ್ಲಿ ಎತ್ತಬೇಕಾದ ಕರಿಗಲ್ಲು. ಗಾಡಿ ನಿಲ್ಲಿಸಿದ ಕೂಡಲೇ ಹೂವಪ್ಪ ಇಳಿದು, ಡಾಲದಿಂದ, ಅಂದರೆ ಹಿಂದಿನ ಸರಕಿನ ತೊಟ್ಟಿಯಿಂದ, ಅದನ್ನು ಎತ್ತಿ ಚಕ್ರಕ್ಕೆ ಅಡ್ಡ ಇಟ್ಟು, ಕಾಲಿನಿಂದ ಒಂದು ಒದೆ ಕೊಟ್ಟು ಕೂರಿಸುತ್ತಿದ್ದ. ಸೀಟಿನ ಪಕ್ಕ ಹ್ಯಾಂಡ್ ಬ್ರೇಕ್ ಎಂಬ ಸರಳೊಂದು ಇತ್ತು, ಇಲ್ಲ ಅನ್ನುವಂತಿಲ್ಲ. ಅದಕ್ಕೆ ಅವನು ಟವೆಲ್ ನೇತು ಹಾಕುತ್ತಿದ್ದ. ಏರು ಇಳಿಜಾರು ಬಿಟ್ಟರೆ ಬೇರೆ ನೆಲವೇ ಇಲ್ಲದ ಈ ಸೀಮೆಯಲ್ಲಿ ಹಳೇ ಗಾಡಿ ಇಟ್ಟುಕೊಂಡ ಯಾರ ಹತ್ತಿರ ಬೇಕಾದರೂ ಕೇಳಿ, ಡಾಲದಲ್ಲಿ ಒಂದು ಕಲ್ಲು ಇದ್ದೇ ಇರುತ್ತದೆ.

ಆದರೆ ಕಳೆದ ವರ್ಷ ಒಂದು ದಿನ ಹೂವಪ್ಪ ಕಲ್ಲು ಇಡುವುದನ್ನು ಮರೆತ. ಗಾಡಿ ಅಂಗಳದ ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು, ಬಚ್ಚಲ ಗೋಡೆ ಒಡೆದು, ಹಂಡೆಯ ಎದುರು ಹೋಗಿ ನಿಂತಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಹೆಂಡತಿ ತುಂಗಮ್ಮ ಸೋಪು ತರಲು ಆಗಷ್ಟೇ ಹೊರಗೆ ಬಂದಿದ್ದಳು. ಅವತ್ತಿನಿಂದ ಅವಳಿಗೂ ಗಾಡಿಗೂ ಮಾತಿಲ್ಲ.

ಈ ವರ್ಷ ಗಾಡಿಯ ಎಫ್‌ಸಿ ಬಂತು, ಅಂದರೆ ಗಾಡಿ ರಸ್ತೆಗೆ ಯೋಗ್ಯವೆಂಬ ಸರ್ಟಿಫಿಕೇಟಿನ ಪರೀಕ್ಷೆ. ಶುಕ್ರವಾರ ಸಾಗರದಲ್ಲಿ ಇನ್ಸ್‌ಪೆಕ್ಟರ ಎದುರು ಗಾಡಿ ಓಡಿಸಿ, ನಿಲ್ಲಿಸಿ, ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ತೋರಿಸಬೇಕು. ಅಲ್ಲಿ ಕಲ್ಲು ನಡೆಯುವುದಿಲ್ಲ. ತುಂಗಮ್ಮ ತೀರ್ಪು ಕೊಟ್ಟಾಗಿತ್ತು.

“ಈ ಸಲ ಎಫ್‌ಸಿ ಆಗ್ಲಿಲ್ಲ ಅಂದ್ರೆ ಗಾಡಿ ಗುಜರಿಗೆ. ರವೀಶಂಗೆ ಫೋನ್ ಮಾಡಿ ಹೇಳಿದೀನಿ. ಶನಿವಾರ ಬಂದು ಎಳ್ಕೊಂಡು ಹೋಗ್ತಾನೆ.”

ರವೀಶ್ ಅವಳ ತಮ್ಮ. ತೀರ್ಥಹಳ್ಳಿಯಲ್ಲಿ ಹಳೇ ಗಾಡಿಗಳನ್ನು ಕೊಂಡು, ಬಿಚ್ಚಿ, ತುಂಡು ತುಂಡಾಗಿ ಮಾರುವುದು ಅವನ ಕಸುಬು. ಭಾವನ ಗಾಡಿಯನ್ನು ಕಂಡಾಗಲೆಲ್ಲ ಅವನು ಬಾಗಿಲು ತಟ್ಟಿ, ಬಾನೆಟ್ ತಟ್ಟಿ ನೋಡುತ್ತಿದ್ದ ರೀತಿ ಹೂವಪ್ಪನ ಹೊಟ್ಟೆ ಉರಿಸುತ್ತಿತ್ತು. ಹದಿನಾಲ್ಕು ವರ್ಷದಿಂದ ಊರಿನ ಮದುವೆಯ ಪಾತ್ರೆ, ಗಬ್ಬದ ದನ, ಚೌತಿಯ ಗಣಪತಿ ಎಲ್ಲವೂ ಓಡಾಡಿದ್ದು ಆ ಗಾಡಿಯಲ್ಲಿ. ಹತ್ತೂರಿಗೆ ಅವನು ಪಿಕಪ್ ಹೂವಪ್ಪ. ಪಿಕಪ್ ಹೋದರೆ ಉಳಿಯುವುದು ಬರೀ ಹೂವಪ್ಪ. ಆ ಬರೀ ಹೂವಪ್ಪನ ಜೊತೆ ಬದುಕುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ, ನಿಜವಾಗಿಯೂ ಹೆದರಿಕೆಯಾಗಿತ್ತು.

ಬುದ್ಧಿ ಇದ್ದವನು ಹೊಸನಗರಕ್ಕೆ ಹೋಗಿ ಮೆಕ್ಯಾನಿಕ್ ಕಾಂತರಾಜನಿಗೆ ಗಾಡಿ ತೋರಿಸುತ್ತಿದ್ದ. ಆದರೆ ಅಲ್ಲೊಂದು ತೊಡಕಿತ್ತು. ಹದಿನೈದು ದಿನದ ಹಿಂದೆ ಹೂವಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದ. ಟೋಪಿ ಹಾಕಿದ ಬಿಳಿಯನೊಬ್ಬ ಇವನದೇ ಥರದ ಹಳೇ ಪಿಕಪ್ಪಿನ ಹಿಂದಿನ ಡ್ರಮ್ ಬ್ರೇಕನ್ನು ಹತ್ತು ನಿಮಿಷದಲ್ಲಿ ಸರಿಮಾಡಿ ಕೈ ಒರೆಸಿಕೊಂಡ. ಹೂವಪ್ಪ ಇಡೀ ಹೋಟೆಲಿಗೆ ಕೇಳುವಂತೆ, “ನೋಡಿ, ಹತ್ತೇ ನಿಮಿಷದ ಕೆಲ್ಸ. ನಮ್ಮ ಕಾಂತರಾಜ ಮೂರು ಟೀ ಕುಡ್ದು, ಅರ್ಧ ದಿನ ಮಾಡ್ತಾನೆ” ಅಂದ. ಹಿಂದಿನ ಬೆಂಚಿನಲ್ಲಿ ಮೂರನೇ ಟೀ ಕುಡಿಯುತ್ತ ಕಾಂತರಾಜನೇ ಕೂತಿದ್ದ.

“ಹಂಗಾದ್ರೆ ಆ ಟೋಪಿಯವನ ಹತ್ರಾನೇ ಮಾಡಿಸ್ಕೋ ಮಾರಾಯ” ಎಂದು ಅವನು ಲೋಟ ಇಟ್ಟು ಎದ್ದು ಹೋದ.

“ಯಾರ ಹತ್ರಾನೂ ಬೇಡ, ನಾನೇ ಮಾಡ್ತೀನಿ” ಎಂದು ಹೂವಪ್ಪ ಅವನ ಬೆನ್ನಿಗೆ ಹೇಳಿದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ. ಹೂವಪ್ಪ ಹಿಂದೆ ಮನೆಯ ಮಿಕ್ಸಿ ರಿಪೇರಿ ಮಾಡಿದ್ದ. ಅದು ಇವತ್ತಿಗೂ ಸ್ವಿಚ್ ಹಾಕಿದರೆ ಮುಚ್ಚಳ ಹಾರಿಸುತ್ತದೆ, ಆಫ್ ಮಾಡಿದ ಮೇಲೆ ರುಬ್ಬುತ್ತದೆ. “ಆ ಬ್ರೇಕಿಗೇನಾದ್ರೂ ನೀವು ಕೈ ಹಾಕಿದ್ರೋ, ನಾನು ಮಾತ್ರ ಈ ಮನೇಲಿ ಇರಲ್ಲ” ಎಂದು ತುಂಗಮ್ಮ ಮೊದಲೇ ಹೇಳಿದ್ದಳು.

ಆದ್ದರಿಂದ ಸೋಮವಾರ ಹೂವಪ್ಪ ಗಾಡಿಯನ್ನು ಊರಾಚೆಯ ಚೌಡಿ ಬನದ ಹತ್ತಿರಕ್ಕೆ ಒಯ್ದ. ಕಲ್ಲುಸಂಕದಲ್ಲಿ ಇನ್ನೂರು ಹೆಜ್ಜೆ ಸಮತಟ್ಟಾದ ರಸ್ತೆ ಇರುವುದು ಅಲ್ಲೊಂದೇ ಕಡೆ. ಚಕ್ರದ ಹಿಂದಿನ ತಗಡಿನಲ್ಲಿ ಒಂದು ಕಿಂಡಿ ಇರುತ್ತದೆ, ಅದರೊಳಗೆ ಒಂದು ಹಲ್ಲಿನ ಚಕ್ರ ಇರುತ್ತದೆ, ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಬ್ರೇಕ್ ಬಿಗಿಯಾಗುತ್ತದೆ ಎಂದು ವಿಡಿಯೋದಲ್ಲಿ ಇತ್ತು. ಹೂವಪ್ಪ ಅಂಗಾತ ಮಲಗಿ ಒಂದು ಗಂಟೆ ಹುಡುಕಿದ. ಹದಿನಾಲ್ಕು ಮಳೆಗಾಲದ ಕೆಸರು ಸಿಕ್ಕಿತು, ಕಿಂಡಿ ಸಿಗಲಿಲ್ಲ. ಅಂಗಿ ಮಾತ್ರ ಕಾಡಿಗೆಯಾಯಿತು.

ಅವನು ಎದ್ದು ಕೂತು ವಿಡಿಯೋ ಮತ್ತೆ ಹಾಕಿದ. ಕೊನೆಯಲ್ಲಿ ಟೋಪಿಯವನು ಇನ್ನೊಂದು ಸುಲಭದ ದಾರಿ ಹೇಳಿದ್ದ. ಕೆಲವು ಗಾಡಿಗಳಲ್ಲಿ ಬ್ರೇಕ್ ತಾನಾಗಿಯೇ ಬಿಗಿಯಾಗುವ ವ್ಯವಸ್ಥೆ ಇರುತ್ತದೆ. ಗಾಡಿಯನ್ನು ರಿವರ್ಸಿನಲ್ಲಿ ಓಡಿಸುತ್ತ ಆಗಾಗ ಬ್ರೇಕ್ ಒತ್ತಿದರೆ ಆಯಿತು, ಒಳಗಿನ ಹಲ್ಲು ಒಂದೊಂದೇ ತಿರುಗುತ್ತದೆ. ಇಷ್ಟು ಸುಲಭ ಇರುವಾಗ ಕೆಸರಿನಲ್ಲಿ ಯಾಕೆ ಹೊರಳಬೇಕಿತ್ತೆಂದು ಹೂವಪ್ಪ ತನ್ನನ್ನೇ ಬೈದುಕೊಂಡು ಗಾಡಿ ಹತ್ತಿದ.

ಬನದ ಎದುರಿನಿಂದ ಅವನು ಹಿಂದಕ್ಕೆ ಹೊರಟ. ಹತ್ತು ಹೆಜ್ಜೆಗೊಮ್ಮೆ ಬ್ರೇಕ್. ಬ್ರೇಕ್ ಒತ್ತಿದಾಗ ಗಾಡಿ ಮೂತಿ ಎತ್ತುತ್ತಿತ್ತು, ಬಿಟ್ಟಾಗ ತಗ್ಗಿಸುತ್ತಿತ್ತು. ಮೋರಿಯ ತನಕ ಹೀಗೆ ಹೋಗಿ, ಮುಂದಕ್ಕೆ ಬನದವರೆಗೆ ಬಂದು, ಮತ್ತೆ ಹಿಂದಕ್ಕೆ. ನಾಲ್ಕನೇ ಸುತ್ತಿನಲ್ಲಿ ಸೊಪ್ಪಿನ ಹೊರೆ ಹೊತ್ತ ಮಾಸ್ತಮ್ಮ ರಸ್ತೆಬದಿ ನಿಂತು ನೋಡುತ್ತಿರುವುದು ಅವನಿಗೆ ಕಂಡಿತು. ಮಾಸ್ತಮ್ಮ ಬನದ ಪಕ್ಕದ ಮನೆಯ ಮುದುಕಿ. ಅವಳಿಗೆ ಗೊತ್ತಾದದ್ದು ಊರಿಗೆ ಗೊತ್ತಾಗಲು ಸಂಜೆಯಾಗಬೇಕಿಲ್ಲ.

ಮಾಸ್ತಮ್ಮ ಕಂಡದ್ದಾದರೂ ಏನು? ಚೌಡಮ್ಮನ ಎದುರು ಒಂದು ಗಾಡಿ. ಅಮ್ಮನಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು ತಲೆ ಎತ್ತಿ, ತಲೆ ಬಾಗಿ ಕೈಮುಗಿದಂತೆ ಮಾಡುತ್ತಿದೆ. ಬನಕ್ಕೆ ಬಂದ ಯಾರೇ ಆದರೂ ಹೊರಡುವಾಗ ನಾಲ್ಕು ಹೆಜ್ಜೆ ಹಿಂದಕ್ಕೇ ನಡೆದು ಆಮೇಲೆ ತಿರುಗುವುದು ಕಲ್ಲುಸಂಕದ ಪದ್ಧತಿ. ಆದರೆ ಇನ್ನೂರು ಹೆಜ್ಜೆ, ಅದೂ ಗಾಡಿಸಮೇತ! ಅವಳು ಹೊರೆ ಇಳಿಸಿ ಕಿಟಕಿಯ ಹತ್ತಿರ ಬಂದಳು.

“ಹೂವಾ, ಹರಕೆಯೇನಾ?”

ಹೂವಪ್ಪ ಯೋಚಿಸಿದ. ಬ್ರೇಕ್ ಸೆಟ್ ಮಾಡ್ತಿದೀನಿ ಅಂದರೆ ಮಧ್ಯಾಹ್ನದೊಳಗೆ ತುಂಗಮ್ಮನಿಗೆ ಗೊತ್ತಾಗುತ್ತದೆ. ಸಂಜೆಯೊಳಗೆ ಕಾಂತರಾಜನಿಗೆ.

“ಹೂಂ” ಅಂದ.

ಒಂದೇ ಒಂದು ಅಕ್ಷರ. ಅದರ ಬೆಲೆ ಅವನಿಗೆ ಆಗ ಗೊತ್ತಿರಲಿಲ್ಲ.

ಮನೆಗೆ ಹೋಗಿ ಅವನು ಕಾಡಿಗೆಯಾದ ಅಂಗಿಯನ್ನು ಒಗೆಯುವ ಬಟ್ಟೆಯ ರಾಶಿಯ ಎಲ್ಲಕ್ಕಿಂತ ಕೆಳಗೆ ತುರುಕಿದ. ತುಂಗಮ್ಮ ಬಡಿಸುತ್ತ, “ಏನೋ ಹರಕೆಯಂತೆ?” ಅಂದಳು.

“ಎಫ್‌ಸಿ ಆಗ್ಲಿ ಅಂತ” ಅಂದ ಹೂವಪ್ಪ, ಅನ್ನದ ಕಡೆಗೆ ನೋಡುತ್ತ.

“ಒಳ್ಳೇದು. ಬ್ರೇಕಿಗೆ ಕೈ ಹಾಕೋದಕ್ಕಿಂತ ದೇವ್ರಿಗೆ ಕೈ ಮುಗಿಯೋದು ಒಳ್ಳೇದು” ಎಂದು ಅವಳು ಸಾರು ಹಾಕಿದಳು.

ಮಂಗಳವಾರ ಬನದ ಎದುರು ಇಪ್ಪತ್ತು ಜನ ಇದ್ದರು. ಪೂಜಾರಿ ಗೋಪಾಲಪ್ಪ ಮಡಿಯುಟ್ಟು, ಗಂಟೆ ಹಿಡಿದು ಸಿದ್ಧನಾಗಿದ್ದ.

“ನೋಡು ಹೂವಪ್ಪ, ಹರಕೆ ಅಂದ್ಮೇಲೆ ಅದಕ್ಕೊಂದು ಕ್ರಮ ಬೇಕು. ನೀನು ಮೋರಿ ತನಕ ಹೋಗಿ ನಿಲ್ಸಿದ್ರೆ ಅಮ್ಮಂಗೆ ಅರ್ಧ ಕೈ ಮುಗಿದಂಗೆ ಆಗ್ತದೆ. ಮನೆ ಬಾಗ್ಲ ತನಕ ಹಿಂದಕ್ಕೇ ಹೋಗ್ಬೇಕು. ನಿನ್ನೆಯದೂ ಸೇರಿ ಮೂರು ದಿನ. ನಡುವೆ ಬಿಡಂಗಿಲ್ಲ.”

“ಗೋಪಾಲಪ್ಪಣ್ಣ, ಮನೆ ಒಂದು ಮೈಲಿ ಇದೆ. ಎರಡು ತಿರುವು ಇದೆ.”

“ಹರಕೆ ಹೊರೋವಾಗ ತಿರುವು ನೆನಪಿರ್ಲಿಲ್ವಾ?”

ಒಂದು ಮೈಲಿ ರಿವರ್ಸ್ ಅಂದರೆ ಇನ್ನೂರು ಸಲ ಬ್ರೇಕ್, ಬ್ರೇಕಿಗೆ ಒಳ್ಳೆಯದೇ ಎಂದು ಲೆಕ್ಕ ಹಾಕಿ ಹೂವಪ್ಪ ಕುತ್ತಿಗೆ ತಿರುಗಿಸಿ ಕೂತ. ಮುಂದೆ ಗೋಪಾಲಪ್ಪ ಗಂಟೆ ಬಾರಿಸುತ್ತ ನಡೆದ. ಊರು ಡಾಲ ತುಂಬ ಕಾಯಿ ಇಟ್ಟಿತು. ಒಬ್ಬರದು ಮಗನ ಮದುವೆಗೆ, ಒಬ್ಬರದು ಮಂಡಿನೋವಿಗೆ. ದುರ್ಗಮ್ಮನ ಹಾಲು ಕೊಡದ ಎಮ್ಮೆಯ ಪರವಾಗಿಯೂ ಒಂದು ಇತ್ತು. ಎದುರಿಗೆ ಬಂದ ಬಸ್ಸಿನ ಡ್ರೈವರ್ ಬಯ್ಯಲೆಂದು ತಲೆ ಹೊರಗೆ ಹಾಕಿದವನು, ಡಾಲದ ಹಿಂದೆ ಊರವರು ಕಟ್ಟಿದ್ದ ಹೂವಿನ ಹಾರ ಕಂಡು, ಕೈಮುಗಿದು, ಬಸ್ಸನ್ನೇ ಅರ್ಧ ಫರ್ಲಾಂಗು ಹಿಂದಕ್ಕೆ ತೆಗೆದ. ಅಲ್ಲಿಗೆ ಆ ರಸ್ತೆಯಲ್ಲಿ ಒಂದು ಗಾಡಿ ಹಿಂದಕ್ಕೆ ಬಂದರೆ ಇನ್ನೊಂದು ಹಿಂದಕ್ಕೆ ಹೋದಂತಾಯಿತು.

ಅದೇ ಹೊತ್ತಿಗೆ ರವೀಶ್ ಬೈಕಿನಲ್ಲಿ ಅಕ್ಕನ ಮನೆಗೆ ಬಂದಿದ್ದ. ಭಾವ ಹಿಮ್ಮುಖವಾಗಿ ಅಂಗಳ ಪ್ರವೇಶಿಸಿದ್ದನ್ನು ಅವನು ಬಾಯಿ ಬಿಟ್ಟು ನೋಡಿದ.

“ಅಕ್ಕಾ, ಇದು ಹರಕೆ ಅಲ್ಲ. ಮುಂದಿನ ಗೇರ್ ಎಲ್ಲಾ ಹೋಗಿದೆ. ನಾಚಿಕೆಗೆ ಭಾವ ಹರಕೆ ಅಂತಿದಾರೆ.”

“ಗೇರ್ ಎಲ್ಲಾ ಸರಿ ಇದೆ!” ಎಂದು ಹೂವಪ್ಪ ಕಿಟಕಿಯಿಂದ ಕೂಗಿದ.

“ಹಂಗಾದ್ರೆ ಮುಂದಕ್ಕೆ ಹೋಗಿ ತೋರ್ಸಿ ಭಾವ.”

“ಮುಂದಕ್ಕೆ ಹೋಗಂಗಿಲ್ಲ!” ಎಂದು ಗೋಪಾಲಪ್ಪ ಗಂಟೆ ಎತ್ತಿದ. “ಈಗಷ್ಟೇ ಹಿಂದಕ್ಕೆ ಬಂದಿದೆ. ಹರಕೆಯ ಗಾಡಿ ನಾಳೆ ಬೆಳಗ್ಗೆ ತನಕ ಅಲುಗಾಡಂಗಿಲ್ಲ.”

ರವೀಶ್ ಅಕ್ಕನ ಕಡೆ ತಿರುಗಿ ಹುಬ್ಬು ಹಾರಿಸಿದ. “ಶನಿವಾರ ಚೈನು, ಹುಕ್ಕು ಎರಡೂ ತರ್ತೀನಿ” ಎಂದು ಬಾನೆಟ್ ಮೇಲೆ ಎರಡು ಸಲ ತಟ್ಟಿದ. ಹೂವಪ್ಪನಿಗೆ ಅದು ತನ್ನ ತಲೆಯ ಮೇಲೆ ತಟ್ಟಿದ ಹಾಗಾಯಿತು.

ಬುಧವಾರ ಕೊನೆಯ ಸುತ್ತು. ಹೊರಡುವ ಮೊದಲು ಹೂವಪ್ಪನಿಗೆ ಪರೀಕ್ಷೆ ಮಾಡಿ ನೋಡುವ ಆಸೆಯಾಯಿತು. ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬ್ರೇಕ್ ಒತ್ತಿಯಾಗಿತ್ತು. ಬನದ ಪಕ್ಕದಲ್ಲಿ ಮಾಸ್ತಮ್ಮನ ಮನೆಗೆ ಇಳಿಯುವ ಒಂದು ಇಳಿಜಾರು ಇದೆ. ಅದರ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಟವೆಲ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಕಲ್ಲು ಇಡದೆ ಕೆಳಗಿಳಿದ.

ಗಾಡಿ ಒಂದು ಕ್ಷಣ ನಿಂತಿತು. ಹೂವಪ್ಪನ ಎದೆ ಉಬ್ಬಿತು. ಆಮೇಲೆ ಗಾಡಿ ನಿಧಾನವಾಗಿ ಹೊರಟಿತು. ಹೂವಪ್ಪ “ಏಯ್! ಏಯ್!” ಎಂದು ಎತ್ತಿಗೆ ಕೂಗಿದ ಹಾಗೆ ಕೂಗುತ್ತ ಹಿಂದೆ ಓಡಿದ. ಅದು ಮಾಸ್ತಮ್ಮನ ಅಂಗಳ ದಾಟಿ ಹುಲ್ಲಿನ ಬಣವೆಗೆ ಮೂತಿ ಹುದುಗಿಸಿ ನಿಂತಿತು. ಬಣವೆಯ ಮೇಲಿದ್ದ ಕೋಳಿಗಳು ಕಿರುಚಿ ಹಾರಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

“ನೋಡಿದ್ರಾ!” ಎಂದಳು ಮಾಸ್ತಮ್ಮ. “ಡ್ರೈವರೇ ಇಲ್ದೆ ಹೋಯ್ತು. ಅಮ್ಮನೇ ಓಡ್ಸಿದ್ದು! ಹರಕೆ ಸಂದ ಹಾಗೇ!”

ಊರು ಕೈಮುಗಿಯಿತು. ಹೂವಪ್ಪನೊಬ್ಬನೇ ತಲೆಯ ಮೇಲೆ ಕೈ ಹೊತ್ತು ಬಣವೆಯ ಪಕ್ಕ ಕೂತ. ಮೂರು ದಿನದ ಕುತ್ತಿಗೆ ನೋವು, ಮೂರು ದಿನ ಸುಟ್ಟ ಡೀಸೆಲ್, ಬ್ರೇಕ್ ಮಾತ್ರ ಇದ್ದಲ್ಲೇ ಇತ್ತು. ಇನ್ನು ಒಂದು ದಿನ. ಗಾಡಿ ಹೋಯಿತೆಂದು ಅವನು ತೀರ್ಮಾನಿಸಿಬಿಟ್ಟ. ಜನ ಅವನು ಕೂತ ಭಂಗಿಯನ್ನು ಭಕ್ತಿ ಅಂದುಕೊಂಡು ಅವನ ಪಕ್ಕ ಒಂದು ಊದುಬತ್ತಿ ಹಚ್ಚಿಟ್ಟರು.

ಗುರುವಾರ ಬೆಳಗ್ಗೆ ಬನದ ಎದುರು ಕಾಂತರಾಜನ ಬೈಕ್ ನಿಂತಿತು. ದೇವಸ್ಥಾನದ ಮೆಟ್ಟಿಲು ಹತ್ತಿದವನೇ ಅಲ್ಲದ ಕಾಂತರಾಜನ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಜಾಕು. ಬಣವೆಯಿಂದ ಮೇಲೆ ತಂದ ಗಾಡಿಯನ್ನು ಬೇಲಿಯಾಚೆ ಸಮತಟ್ಟಿನಲ್ಲಿ ನಿಲ್ಲಿಸಿ ಹೂವಪ್ಪ ಅದರ ಮೈ ಮೇಲಿನ ಹುಲ್ಲು ಕೀಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಾ ಅನ್ನಲು ಇವನಿಗೆ ಬಾಯಿ ಬರಲಿಲ್ಲ, ಮಾಡಿಕೊಡ್ತೀನಿ ಅನ್ನಲು ಅವನಿಗೆ.

“ಗೋಪಾಲಪ್ಪಣ್ಣ” ಎಂದ ಕಾಂತರಾಜ್, ಹೂವಪ್ಪನನ್ನು ಬಿಟ್ಟು ಪೂಜಾರಿಗೆ. “ಹರಕೆಯ ಗಾಡಿಗೆ ನನ್ನದೂ ಒಂದು ಚಕ್ರಸೇವೆ ಅಂತ ಇದೆ. ಮಾಡ್ಬಹುದಾ?”

ಚಕ್ರಸೇವೆ ಎಂಬುದನ್ನು ಗೋಪಾಲಪ್ಪ ಕೇಳಿರಲಿಲ್ಲ. ಆದರೆ ಕೇಳಿಲ್ಲ ಅಂದರೆ ಪೂಜಾರಿಕೆಗೆ ಕುಂದು. “ಉಂಟು ಉಂಟು, ಹಿಂದೆಲ್ಲ ಮಾಡ್ತಿದ್ರು” ಎಂದು ಗಂಟೆ ಕೈಗೆತ್ತಿಕೊಂಡ.

ಕಾಂತರಾಜ್ ಡಾಲದಿಂದ ಕರಿಗಲ್ಲನ್ನು ಎತ್ತಿ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟ. ಹಿಂದಿನ ಭಾಗಕ್ಕೆ ಜಾಕು ಕೊಟ್ಟು ಏರಿಸಿ, ಭದ್ರಕ್ಕೆ ಎರಡು ಮರದ ದಿಮ್ಮಿ ಕೊಟ್ಟು, ಕೆಳಗೆ ತೂರಿದ. ಹೂವಪ್ಪನೂ ತೂರಿದ. ಊರಿಗೆ ಈಗ ಕಾಣುತ್ತಿದ್ದದ್ದು ನಾಲ್ಕು ಪಾದ ಮಾತ್ರ.

ಕಾಂತರಾಜ್ ಒಂದೇ ನಿಮಿಷದಲ್ಲಿ ಕೆಸರು ಕೆರೆದು ಕಿಂಡಿ ತೋರಿಸಿದ. ಅದರ ರಬ್ಬರ್ ಬಿರಡೆ ಕಿತ್ತು ಟಾರ್ಚ್ ಹಿಡಿದ.

“ಮೂರು ದಿನ ರಿವರ್ಸ್ ಹೊಡೆದೆಯಂತೆ?” ಎಂದು ಪಿಸುಗುಟ್ಟಿದ.

“ತಾನಾಗೇ ಟೈಟ್ ಆಗ್ತದೆ ಅಂತ ಇತ್ತು ಮಾರಾಯ.”

“ಆಗೋಕೆ ಒಳಗೊಂದು ಲಿವರ್ ಬೇಕು. ಗಾಡಿ ಬಂದ ವರ್ಷವೇ ಅದನ್ನ ನಾನು ಕಿತ್ತು ಹಾಕಿದೀನಿ. ನಮ್ಮ ಕೆಸರಿಗೆ ಅದೆಲ್ಲ ನಿಲ್ಲಲ್ಲ, ಸಿಕ್ಕಿ ಹಾಕ್ಕೊಳ್ತದೆ. ನಮ್ಮ ಕಡೆ ಎಲ್ಲಾ ಗಾಡಿದೂ ಕಿತ್ತಿದೀನಿ. ಬಿಸ್ಕತ್ತಿನ ಡಬ್ಬಿ ತುಂಬ ಇದಾವೆ ನೋಡು ಗ್ಯಾರೇಜಲ್ಲಿ. ನೀನು ಇಲ್ಲಿಂದ ಜೋಗದ ತನಕ ಹಿಂದಕ್ಕೆ ಹೋಗಿದ್ರೂ ಒಂದು ಹಲ್ಲು ತಿರುಗ್ತಿರ್ಲಿಲ್ಲ.”

ಹೂವಪ್ಪ ಗಾಡಿಯ ತಳಕ್ಕಂಟಿದ ಕೆಸರನ್ನು ಉಗುರಿನಿಂದ ಕೆರೆದ. ಕೊನೆಗೆ, “ಹೋಟ್ಲಲ್ಲಿ ಹಂಗೆ ಹೇಳ್ಬಾರ್ದಿತ್ತು ನಾನು” ಅಂದ.

“ಮೂರು ಟೀ ಅಂದದ್ದು ಸುಳ್ಳಲ್ಲ ಬಿಡು” ಅಂದ ಕಾಂತರಾಜ್. “ಈಗ ಚಕ್ರ ತಿರುಗಿಸು.”

ಸ್ಕ್ರೂಡ್ರೈವರ್ ಕಿಂಡಿಯೊಳಗೆ ಹೋಯಿತು. ಟಿಕ್. ಟಿಕ್. ಮೇಲೆ ನಿಂತಿದ್ದ ಗೋಪಾಲಪ್ಪ ಪ್ರತಿ ಟಿಕ್ಕಿಗೂ ಒಂದು ಗಂಟೆ ಹೊಡೆದ. ಹದಿನೇಳನೆಯದಕ್ಕೆ ಚಕ್ರ ಸರ್ ಸರ್ ಎಂದು ಒಳಗೆ ಉಜ್ಜತೊಡಗಿ, ಹತ್ತೊಂಬತ್ತಕ್ಕೆ ನಿಂತೇ ಹೋಯಿತು. ಕಾಂತರಾಜ್ ನಾಲ್ಕು ಹಲ್ಲು ಹಿಂದಕ್ಕೆ ಬಿಟ್ಟ. ಚಕ್ರ ಸ್ವಲ್ಪ ಉಜ್ಜುತ್ತ ತಿರುಗಿತು.

“ಇಷ್ಟೇ. ಕೈಗೆ ಗೊತ್ತಾಗ್ಬೇಕು, ಗಾಡಿಗೆ ಭಾರ ಆಗ್ಬಾರ್ದು. ಆ ಕಡೇದು ನೀನೇ ಮಾಡು.”

ಹೂವಪ್ಪ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಮೇಲೆ ಗಂಟೆ ಐದು ಸಲ ಹೊಡೆದಾಗ ಚಕ್ರ ಮೊದಲಿಗಿಂತ ಸಲೀಸಾಗಿ ಸುತ್ತಿತು.

“ಉಲ್ಟಾ ಮಾಡ್ತಿದೀಯ ಮಾರಾಯ. ಆ ಕಡೆ ಮೇಲಕ್ಕೆ ಮೀಟಿದ್ರೆ ಈ ಕಡೆ ಕೆಳಕ್ಕೆ.”

ಹೂವಪ್ಪ ಕೆಳಕ್ಕೆ ಮೀಟಿದ. ಬಿಗಿಯಾಯಿತು. ಅವನ ಮುಖದ ಮೇಲೆ ಕೆಸರು ಉದುರಿತು, ಅದರ ಮಧ್ಯೆ ಹಲ್ಲು ಬೆಳ್ಳಗೆ ಕಂಡಿತು. ಕಾಂತರಾಜ್ ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೂ ಬಿಗಿದು, “ಇನ್ನು ಅದಕ್ಕೆ ಟವೆಲ್ ಹಾಕ್ಬೇಡ” ಎಂದು ಹೊರಗೆ ತೂರಿದ. ಜನ ಅವನಿಗೂ ಕುಂಕುಮ ಹಚ್ಚಿದರು. ಅವನು ಒಂದು ಟೀಯನ್ನೂ ಕುಡಿಯದೆ ಹೊರಟುಹೋದ.

ರಾತ್ರಿ ಬನದ ಸಮತಟ್ಟಿನಲ್ಲೇ ಉಳಿದಿದ್ದ ಗಾಡಿಗೆ ಶುಕ್ರವಾರ ಸಾಗರದಲ್ಲಿ ಇನ್ಸ್‌ಪೆಕ್ಟರು ಒಂದು ಸುತ್ತು ಹಾಕಿದರು. ಹಾರ, ಕುಂಕುಮ, ಡಾಲದ ಮೂಲೆಯಲ್ಲಿ ಉಳಿದ ಎರಡು ಕಾಯಿ, ವೈಪರಿಗೆ ಸಿಕ್ಕಿಕೊಂಡ ಹುಲ್ಲು ಎಲ್ಲವನ್ನೂ ನೋಡಿದರು.

“ಗಾಡಿ ಬ್ರೇಕ್ ಮೇಲೆ ನಡೀತದೋ, ದೇವ್ರ ಮೇಲೋ?”

“ನಿನ್ನೆಯಿಂದ ಎರಡೂ ಸಾರ್.”

ಓಡಿಸಿ ನಿಲ್ಲಿಸಿದ, ನೇರವಾಗಿ ನಿಂತಿತು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದ, ಕದಲಲಿಲ್ಲ. ಕೊನೆಗೆ ಅವರು ಗೂಟಗಳ ನಡುವೆ ರಿವರ್ಸ್ ತೆಗೆದುಕೊಳ್ಳಲು ಹೇಳಿದರು. ಹೂವಪ್ಪ ಕನ್ನಡಿಯನ್ನೂ ನೋಡದೆ, ದಾರ ಎಳೆದ ಹಾಗೆ, ಒಂದು ಗೂಟವನ್ನೂ ಮುಟ್ಟದೆ ಮೈದಾನದ ಆ ತುದಿ ತನಕ ಹಿಂದಕ್ಕೆ ಹೋದ. ನಿಲ್ಲಿಸು ಎಂದು ಅವರು ಮೂರು ಸಲ ಕೂಗಬೇಕಾಯಿತು.

“ಎಲ್ರೀ ಕಲಿತಿರಿ ಇದನ್ನ?”

“ಚೌಡಿ ಬನದಲ್ಲಿ ಸಾರ್.”

ಮಧ್ಯಾಹ್ನ ಹೂವಪ್ಪ ಎಫ್‌ಸಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಅಂಗಳಕ್ಕೆ ಗಾಡಿ ತಂದ, ಮುಂದಕ್ಕೇ ತಂದ. ತುಂಗಮ್ಮ ಹೊಸ ಬಚ್ಚಲ ಗೋಡೆಯ ಮೇಲೆ ಬಟ್ಟೆ ಹರವುತ್ತಿದ್ದಳು. ಅವನು ಅಭ್ಯಾಸಬಲದಿಂದ ಇಳಿದು ಡಾಲಕ್ಕೆ ಕೈ ಹಾಕಿದ. ಕಲ್ಲಿರಲಿಲ್ಲ.

“ಕಲ್ಲು ಎಲ್ಲಿ?”

“ಬನದಲ್ಲಿ” ಎಂದಳು ತುಂಗಮ್ಮ, ತಿರುಗದೆ. “ಚಕ್ರಸೇವೆಗೆ ಇಟ್ಟಲ್ಲೇ ಬಿಟ್ಟು ಬಂದಿದೀರಿ. ಗೋಪಾಲಪ್ಪಣ್ಣ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೂರ್ಸಿದಾರೆ. ಬೆಳಗ್ಗೆಯಿಂದ ಏಳು ಕಾಯಿ ಒಡೆದ್ರಂತೆ. ದುರ್ಗಮ್ಮನ ಎಮ್ಮೆ ಹಾಲು ಕೊಡ್ತಂತೆ.”

ಹೂವಪ್ಪ ಗಾಡಿಯನ್ನು ನೋಡಿದ. ಇಳಿಜಾರನ್ನು ನೋಡಿದ. ಇಳಿಜಾರಿನ ತುದಿಯಲ್ಲಿ ನಿಂತ ಹೆಂಡತಿಯನ್ನು ನೋಡಿದ. ಅವಳು ಜರುಗಲಿಲ್ಲ. ಅವನು ವಾಪಸು ಹೋಗಿ ಹ್ಯಾಂಡ್ ಬ್ರೇಕನ್ನು ಮತ್ತೊಂದು ಸಲ ಮುಟ್ಟಿ ನೋಡಿ ಬಂದ. ಗಾಡಿ ನಿಂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದು ನಿಂತಿರುವುದನ್ನೇ ನೋಡಿದರು.

“ರವೀಶಂಗೆ ಬರ್ಬೇಡ ಅಂತ ಹೇಳಿಯಾಯ್ತು” ಎಂದಳು ಅವಳು.

“ಯಾವಾಗ? ನಾನು ಈಗಷ್ಟೇ ಬಂದದ್ದು.”

“ಬುಧವಾರ. ಕಾಂತರಾಜಣ್ಣಂಗೆ ಫೋನ್ ಮಾಡಿದ ದಿನಾನೇ. ಸುಮ್ನೆ ಬಂದ್ರೆ ನಿಮಗೆ ಅವಮಾನ ಆಗ್ತದೆ, ಒಂದು ಕಾಯಿ ಹಿಡ್ಕೊಂಡು ಬಾ ಅಂದೆ.”

“ನಿಂಗೆ... ನಿಂಗೆ ಹೆಂಗೆ ಗೊತ್ತಾಯ್ತು?”

ತುಂಗಮ್ಮ ಹರವುತ್ತಿದ್ದ ಬಟ್ಟೆಯನ್ನು ಕೊಡವಿ ಅವನ ಎದುರು ಹಿಡಿದಳು. ಅವನ ಸೋಮವಾರದ ಅಂಗಿ. ನಾಲ್ಕು ಸಲ ಒಗೆದರೂ ಬೆನ್ನಿನ ಮೇಲೆ ಕಾಡಿಗೆ ಹಾಗೇ ಇತ್ತು.

“ಈ ಮನೇಲಿ ಬಟ್ಟೆ ಒಗಿಯೋದು ಯಾರು ಅಂದ್ಕೊಂಡಿದ್ರಿ? ಚೌಡಮ್ಮನಾ?”

ಹೂವಪ್ಪ ಜೇಬಿನಿಂದ ಎಫ್‌ಸಿ ಕಾಗದ ತೆಗೆದು, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಆಮೇಲೆ ಮನೆಯ ಕಡೆ ಹೊರಟವನು, ಅವಳಿಗೆ ಬೆನ್ನು ತೋರಿಸದೆ, ನಾಲ್ಕು ಹೆಜ್ಜೆ ಹಿಂದಕ್ಕೇ ನಡೆದ.